ಎಲೆಕೋಸಿನ ಕರಿ ಕೊಳೆರೋಗವೂ ರೋಗಾಣುವಿನ ಲೋಳೆಯೂ

(ಲೇಖಕರು: ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ.)

ತರಕಾರಿ ಬೆಳೆಗಳಲ್ಲಿ ಎಲೆಕೋಸು ಬೇಗನೆ ಹಣವನ್ನು ತರತಕ್ಕ ಬೆಳೆ. ಕೋಲಾರ, ಚಿಕ್ಕಬಳ್ಳಾಪುರ, ಹಾಸನ, ಬೆಳಗಾವಿ ಮುಂತಾದ ಜಿಲ್ಲೆಗಳಲ್ಲಿ ನೀರಿನ ಅನುಕೂಲವುಳ್ಳ ಹಿಡುವಳಿದಾರರು ಇದನ್ನು ಬೆಳೆದು ಪೇಟೆಗೆ ಕಳುಹಿಸುವರು. ಆದರೆ ಬೇಗ ಹಣ ತರುವ ಬೆಳೆಗೆ ಮೊದಲು ಹಣವನ್ನು ಸುರಿಯಲೂ ಬೇಕಾಗುವುದು. ಬೀಜದ ಕ್ರಯ, ಗೊಬ್ಬರ, ನೀರು, ಆಳುಗಳ ಕೂಲಿ ಇವೆಲ್ಲವೂ ಮುಂಚಿತವಾಗಿ ಭೂಮಿಗೆ ಸೇರಿರುತ್ತವೆ. ಗಡ್ಡೆ ಕಟ್ಟುವ ಹೊತ್ತಿಗೆ ಬೆಳೆಗೆ ರೋಗ ತಗುಲಿದರೆ ರೈತನಿಗೆ ಉಳಿಯುವುದು ಸಾಲ ಮಾತ್ರ.

ಹಲವು ವರ್ಷಗಳ ಹಿಂದೆ ಈ ಲೇಖಕನು ಸರ್ಕೀಟಿನಲ್ಲಿದ್ದಾಗ ಒಬ್ಬ ಹಿಡುವಳಿದಾರರು ತಮ್ಮ ಕೋಸಿನ ತೋಟಕ್ಕೆ ಕರೆದುಕೊಂಡು ಹೋದರು. ಎಲೆಗಳ ಅಂಚು ಹಳದಿಯಾಗಿ, ನರಗಳು ಕಪ್ಪಾಗಿದ್ದುವು. ತಾಮ್ರದ ಔಷಧಿಯನ್ನು ಸಿಂಪಡಿಸುವಂತೆ ಲೇಖಕನು ಸಲಹೆಯಿತ್ತನು. ಅವರು ಒಂದಾವೃತ್ತಿಯಲ್ಲ, ನಾಲ್ಕಾವೃತ್ತಿ ಸಿಂಪಡಿಸಿದರು. ಬೆಳೆ ಉಳಿಯಲಿಲ್ಲ. ಕೊನೆಗೆ ಗಡ್ಡೆಗಳು ಕೊಳೆತು ನಾರಿದುವು. "ಸ್ವಾಮಿ, ಔಷಧಿ ಕೆಟ್ಟದ್ದೋ, ನಾನು ಹೊಡೆದ ರೀತಿ ಕೆಟ್ಟದ್ದೋ?" ಎಂದು ಅವರು ಕೇಳಿದರು. ಎರಡೂ ಕೆಟ್ಟದ್ದಾಗಿರಲಿಲ್ಲ, ಕೊಟ್ಟ ಸಲಹೆಯೇ ಹೊತ್ತು ಮೀರಿದುದಾಗಿತ್ತು. ಸಿಂಪಡಿಸಿದ ಔಷಧಿ ಏಕೆ ನಾಟಲಿಲ್ಲವೆಂಬುದನ್ನು ತಿಳಿಯಬೇಕಾದರೆ ಈ ರೋಗಾಣುವು ಮೈಮೇಲೆ ಹೊದ್ದುಕೊಂಡಿರುವ ಲೋಳೆಯ ಗುಣವನ್ನು ತಿಳಿಯಬೇಕು. ಆ ವಿಷಯವನ್ನು ಇಲ್ಲಿ ಯಥಾಶಕ್ತಿ ವಿವರಿಸಲಾಗಿದೆ.

ರೋಗದ ಲಕ್ಷಣಗಳು

ರೋಗವು ಮೊದಲು ಎಲೆಯ ಅಂಚಿನಲ್ಲಿ ತೋರುವುದು. ಅಂಚಿನಿಂದ ಒಳಕ್ಕೆ ಮೊನೆ ಮಾಡಿಕೊಂಡು ಮುಕ್ಕೋಣಾಕಾರದ ಹಳದಿ ಮಚ್ಚೆ ಹರಡುತ್ತದೆ. ಮೊನೆಯು ಯಾವಾಗಲೂ ಎಲೆಯ ನಡುನರದ ಕಡೆಗೇ ಇರುವುದು. ಮಚ್ಚೆಯೊಳಗಿನ ಸಣ್ಣ ನರಗಳು ಶಾಯಿಯಿಂದ ಗೀಚಿದಂತೆ ಕಪ್ಪಾಗುತ್ತವೆ. ಕ್ರಮೇಣ ರೋಗವು ನರಗಳ ಮಾರ್ಗವಾಗಿ ಕಾಂಡಕ್ಕೆ ಇಳಿಯುವುದು. ಇಂತಹ ಗಿಡದ ದಂಟನ್ನು ಅಡ್ಡಲಾಗಿ ಕುಯ್ದು ನೋಡಿದರೆ ಕಪ್ಪು ಉಂಗುರವೊಂದು ಕಾಣುವುದು.

ಗೊಬ್ಬರ ಸಾಲದೆ ಎಲೆ ಹಳದಿಯಾಗುವುದಕ್ಕೂ ಈ ರೋಗಕ್ಕೂ ಭೇದವುಂಟು. ಗೊಬ್ಬರದ ಕೊರತೆಯಲ್ಲಿ ನರ ಕಪ್ಪಾಗುವುದಿಲ್ಲ. ಈ ಗುರುತನ್ನು ಮರೆಯದಿದ್ದರೆ ರೋಗವನ್ನು ಪತ್ತೆಮಾಡುವುದು ಕಷ್ಟವಲ್ಲ. ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಇವೆಲ್ಲವೂ ಎಲೆಕೋಸಿನ ದಾಯಾದಿಗಳೇ ಆದುದರಿಂದ ಅವಕ್ಕೂ ಈ ರೋಗ ತಗುಲುವುದು. ಹೀಗೆ ಬಲಗುಂದಿದ ಗಡ್ಡೆಯೊಳಕ್ಕೆ ಮೆತ್ತಗೆ ಕೊಳೆಸುವ ಬೇರೆ ಜಾತಿಯ ರೋಗಾಣುಗಳು ನುಗ್ಗುತ್ತವೆ. ತೋಟದಲ್ಲಿ ಹಬ್ಬುವ ದುರ್ಗಂಧವು ಮುಖ್ಯವಾಗಿ ಇವುಗಳ ಕೆಲಸ. ಬಾಗಿಲು ಮುರಿದವನು ಒಬ್ಬ, ಒಳಗೆ ಸೂರೆಮಾಡಿದವನು ಮತ್ತೊಬ್ಬ ಎಂದು ತಿಳಿಯತಕ್ಕದ್ದು.

ರೋಗಕ್ಕೆ ಕಾರಣ

ಅಮೆರಿಕಾ ದೇಶದ ಅಯೋವಾ ಸಂಸ್ಥಾನದಲ್ಲಿ ಪ್ಯಾಮೆಲ್ ಎಂಬ ವಿದ್ವಾಂಸರು ೧೮೯೫ರಲ್ಲಿ ಕೋಸಿನ ಜಾತಿಯದೇ ಆದ ಒಂದು ಗೆಡ್ಡೆಯ ಬೆಳೆಯಲ್ಲಿ ಈ ರೋಗಕ್ಕೆ ಬ್ಯಾಕ್ಟೀರಿಯಾ ಎಂಬ ಅಣುಜೀವಿಯೇ ಕಾರಣವೆಂದು ತೋರಿಸಿದರು. ಅನಂತರ ಅದೇ ದೇಶದ ಎರ್ವಿನ್ ಸ್ಮಿತ್ ಎಂಬವರು ಎಲೆಕೋಸಿನಲ್ಲಿ ಇದನ್ನು ವಿಸ್ತಾರವಾಗಿ ಪರೀಕ್ಷಿಸಿದರು. ಈಗ ಈ ಅಣುಜೀವಿಗೆ ಕ್ಸಾಂಥೋಮೋನಾಸ್ ಕ್ಯಾಂಪೆಸ್ಟ್ರಿಸ್ ಎಂದು ಹೆಸರು. ಕ್ಸಾಂಥೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಹಳದಿ. ಪ್ರಯೋಗಶಾಲೆಯಲ್ಲಿ ಸಕ್ಕರೆ ಬೆರೆತ ಆಹಾರದ ಮೇಲೆ ಬೆಳೆಸಿದರೆ ಇದು ಜೇನಿನ ತೊಟ್ಟಿನಂತೆ ಹಳದಿಯಾಗಿ, ಹೊಳಪಾಗಿ, ಲೋಳೆಲೋಳೆಯಾಗಿ ಬೆಳೆಯುತ್ತದೆ. ಬಣ್ಣವು ಅಣುಜೀವಿಯದು, ಲೋಳೆಯು ಅದು ತನ್ನ ಸುತ್ತಲೂ ಸುರಿಸಿಕೊಂಡ ಹೊದಿಕೆ.

ನಮ್ಮಲ್ಲಿ ದಾಳಿಂಬೆಗೆ ತಗಲುವ ದುಂಡಾಣು ಅಂಗಮಾರಿಗೂ, ಭತ್ತದ ಎಲೆ ಒಣಗಿಸುವ ದುಂಡಾಣು ರೋಗಕ್ಕೂ ಇದೇ ಕುಲದ ಅಣುಜೀವಿಗಳೇ ಕಾರಣ. ಆದಕಾರಣ ಕೋಸನ್ನು ಬೆಳೆಯದವರಿಗೂ ಈ ವಿಷಯವು ಅಪ್ರಸ್ತುತವಲ್ಲ.

ಲೋಳೆಯ ರಚನೆ

ಈ ಲೋಳೆಯ ಪರೀಕ್ಷೆಯು ರೋಗವನ್ನು ತಡೆಯುವ ಉದ್ದೇಶದಿಂದ ಆರಂಭವಾದುದಲ್ಲ. ಅಮೆರಿಕಾದ ಇಲಿನಾಯ್ ಸಂಸ್ಥಾನದ ಪಿಯೋರಿಯಾ ನಗರದಲ್ಲಿರುವ ಸರ್ಕಾರದ ವ್ಯವಸಾಯ ಪ್ರಯೋಗಶಾಲೆಯಲ್ಲಿ ಅಲೀನ್ ಜೀನ್ಸ್ ಎಂಬ ರಸಾಯನ ಪಂಡಿತೆಯೂ ಅವರ ಸಹೋದ್ಯೋಗಿಗಳೂ ೧೯೫೦ರ ದಶಕದಲ್ಲಿ, ಅಣುಜೀವಿಗಳು ಸಕ್ಕರೆಯಿಂದ ತಯಾರಿಸುವ ಅಂಟುಗಳಲ್ಲಿ ಉಪಯುಕ್ತವಾದುವು ಯಾವುವೆಂದು ಹುಡುಕುತ್ತಿದ್ದರು. ಕೋಸಿನ ರೋಗಾಣುವಿನ ಲೋಳೆಯು ಅವರ ಗಮನವನ್ನು ಸೆಳೆಯಿತು. ನೂರು ಪಾಲು ನೀರಿಗೆ ಒಂದು ಪಾಲು ಹಾಕಿದರೂ ನೀರು ಗಂಜಿಯಂತೆ ಮಂದವಾಗುವುದು. ಇದಕ್ಕೆ ಕ್ಸಾಂಥಾನ್ ಎಂದು ಹೆಸರಾಯಿತು. ೧೯೬೯ರಲ್ಲಿ ಅಮೆರಿಕಾ ಸರ್ಕಾರವು ಇದನ್ನು ಆಹಾರದಲ್ಲಿ ಬಳಸಲು ಅನುಮತಿಯಿತ್ತಿತು. ಈಗ ಐಸ್‌ಕ್ರೀಂ, ಟೊಮ್ಯಾಟೋ ಸಾಸು ಮುಂತಾದುವನ್ನು ಮಂದಗೊಳಿಸಲು ಇದನ್ನು ಸೇರಿಸುವರು. ಪೊಟ್ಟಣದ ಮೇಲೆ ೪೧೫ ಎಂಬ ಅಂಕೆಯಿಂದ ಇದನ್ನು ಗುರುತಿಸಬಹುದು. ರೋಗಾಣುವನ್ನು ತೊಟ್ಟಿಗಳಲ್ಲಿ ಬೆಳೆಸಿ, ಕೊಂದು, ಲೋಳೆಯನ್ನು ಮದ್ಯಸಾರದಿಂದ ಬೇರ್ಪಡಿಸಿ ಒಣಗಿಸುವುದರಿಂದ ತಿನ್ನುವವರಿಗೆ ರೋಗದ ಭಯವಿಲ್ಲ.

೧೯೭೫ ಮತ್ತು ೧೯೭೬ರಲ್ಲಿ ವಿದ್ವಾಂಸರು ಈ ಲೋಳೆಯ ರಾಸಾಯನಿಕ ರಚನೆಯನ್ನು ನಿರ್ಧರಿಸಿದರು. ಅದರ ಸ್ವರೂಪವು ಹೀಗಿದೆ. ಸಕ್ಕರೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದವಾದ ಸರಪಣಿಯಾದರೆ ಅದನ್ನು ಬಹುಶರ್ಕರವೆಂದು ಕರೆಯುವರು. ಹತ್ತಿಯ ನೂಲೂ ಒಂದು ಬಹುಶರ್ಕರವೇ. ಅದರಲ್ಲಿರುವುದು ಗ್ಲುಕೋಸ್ ಎಂಬ ಒಂದೇ ಸಕ್ಕರೆಯ ಸರಪಣಿ. ಕೋಸಿನ ರೋಗಾಣುವಿನ ಲೋಳೆಯಲ್ಲಿಯೂ ನಡುವಿನ ದಾರವು ಹತ್ತಿಯ ನೂಲಿನ ದಾರವೇ ಸರಿ. ಕೊಂಡಿಯೂ ಅದೇ ಬಗೆಯದು. ಆದರೆ ಹತ್ತಿಯ ದಾರವು ಬೋಳು. ಈ ದಾರವು ಕಟ್ಟಿದ ಹೂವಿನ ಹಾರದಂತೆ. ಗ್ಲುಕೋಸನ್ನು ಗಂಟೆಂದು ಭಾವಿಸಿದರೆ, ಒಂದು ಗಂಟು ಬಿಟ್ಟು ಒಂದು ಗಂಟಿಗೆ ಮೂರು ಸಕ್ಕರೆಗಳ ಒಂದು ಕುಚ್ಚು ಜೋಲಾಡುತ್ತದೆ. ಕುಚ್ಚಿನ ಮೊದಲನೆಯದು ಮ್ಯಾನೋಸ್, ನಡುವಿನದು ಗ್ಲುಕ್ಯುರಾನಿಕ್ ಆಮ್ಲ, ಕೊನೆಯದು ಮತ್ತೊಂದು ಮ್ಯಾನೋಸ್. ಹೀಗೆ ದಾರದ ಎರಡು ಗ್ಲುಕೋಸ್, ಕುಚ್ಚಿನ ಎರಡು ಮ್ಯಾನೋಸ್, ಒಂದು ಆಮ್ಲ ಸೇರಿ ಐದು ಸಕ್ಕರೆಗಳ ಒಂದು ಘಟಕವಾಗುವುದು. ಇಂತಹ ಘಟಕಗಳು ಸಾವಿರಾರು ಸಾಲಾಗಿ ಸೇರಿ ಒಂದು ಸರಪಣಿ.

ಇಷ್ಟು ಮಾತ್ರವಲ್ಲ. ದಾರಕ್ಕೆ ಸಮೀಪದ ಮ್ಯಾನೋಸಿಗೆ ಸಾಮಾನ್ಯವಾಗಿ ವಿನಿಗರಿನ ಆಮ್ಲದ ಅಂಶವೂ, ಕೊನೆಯ ಮ್ಯಾನೋಸುಗಳಲ್ಲಿ ಸುಮಾರು ಅರ್ಧಕ್ಕೆ ಪೈರುವಿಕ್ ಆಮ್ಲದ ಅಂಶವೂ ಅಂಟಿಕೊಂಡಿರುತ್ತವೆ. ಈ ಹೂವಿನ ಹಾರವು ಹುಳಿಯ ಕುಚ್ಚುಗಳಿಂದ ತುಂಬಿರುವುದೆಂದು ವಾಚಕರು ನೆನಪಿಡಬೇಕು. ರೋಗಾಣುವಿನ ಸಾಮರ್ಥ್ಯದ ಬಹುಭಾಗವು ಈ ಕುಚ್ಚುಗಳಲ್ಲಿಯೇ ಅಡಗಿದೆ. ಸರಪಣಿಯನ್ನು ಹೆಣೆದು ಹೊರಹಾಕುವ ಕೆಲಸಕ್ಕೆ ರೋಗಾಣುವಿನಲ್ಲಿ ಒಂದೇ ಸಾಲಿನಲ್ಲಿ ೧೨ ಜೀನುಗಳು ನಿಯಮಿತವಾಗಿವೆ.

ಲೋಳೆಯು ಮಾಡುವ ಕೆಲಸ

ಮೊದಲನೆಯದಾಗಿ, ಲೋಳೆಯು ನೀರನ್ನು ಹಿಡಿದಿಡುವುದು. ಹುಳಿಯ ಕುಚ್ಚುಗಳು ನೀರನ್ನು ತಮ್ಮ ಸುತ್ತ ಎಳೆದುಕೊಳ್ಳುತ್ತವೆ. ಬಿಸಿಲಿಗೆ ಸಿಕ್ಕಿದ ಬೆತ್ತಲೆ ಅಣುಜೀವಿಯು ಒಣಗಿ ಸಾಯುವ ಸಂದರ್ಭದಲ್ಲಿ ಲೋಳೆಯನ್ನು ಹೊದ್ದುದು ಬದುಕಿಕೊಳ್ಳುವುದು. ಬೀಜದಲ್ಲಿಯೂ ಒಣಗಿದ ಎಲೆಯ ಚೂರಿನಲ್ಲಿಯೂ ಅದು ಮುಂದಿನ ಬೆಳೆಯವರೆಗೆ ಕಾದಿರಲು ಈ ಹೊದಿಕೆಯು ನೆರವಾಗುತ್ತದೆ.

ಎರಡನೆಯದಾಗಿ, ಲೋಳೆಯು ಗಿಡದ ನೀರಿನ ಕಾಲುವೆಗಳನ್ನು ಕಟ್ಟುವುದು. ಮುಂಜಾನೆ ಕೋಸಿನ ಎಲೆಯಂಚಿನಲ್ಲಿ ಮುತ್ತಿನಂತೆ ನೀರಹನಿಗಳು ನಿಂತಿರುವುದನ್ನು ಎಲ್ಲರೂ ನೋಡಿರುವರು. ಅವೆಲ್ಲವೂ ಮಂಜಲ್ಲ, ಗಿಡವೇ ಎಲೆಯಂಚಿನ ಸಣ್ಣ ಕಂಡಿಗಳಿಂದ ಹೊರಹಾಕಿದ ನೀರೂ ಅವುಗಳಲ್ಲಿರುವುದು. ಬಿಸಿಲೇರಿದಾಗ ಆ ನೀರಿನ ಸ್ವಲ್ಪ ಭಾಗ ಮತ್ತೆ ಒಳಕ್ಕೆ ಹೋಗುವುದು. ಹನಿಯಲ್ಲಿ ರೋಗಾಣುವಿದ್ದರೆ ಅದೂ ನೀರಿನೊಡನೆ ಒಳಸೇರಿ ನರಗಳಲ್ಲಿ ವೃದ್ಧಿಹೊಂದಿ ಲೋಳೆಯನ್ನು ಸುರಿಸುತ್ತದೆ. ಕೆಸರು ತುಂಬಿದ ಕಾಲುವೆಯ ಕೊನೆಯ ಗದ್ದೆ ಒಣಗುವಂತೆ, ಕಟ್ಟಿದ ನರದ ಆಚೆಯ ಎಲೆಯಂಚು ಒಣಗುತ್ತದೆ. ಮಚ್ಚೆಯು ಅಂಚಿನಿಂದಲೇ ಮುಕ್ಕೋಣವಾಗಿ ಬರಲು ಇದೇ ಕಾರಣ.

ಮೂರನೆಯದು ಇತ್ತೀಚಿನ ವರ್ಷಗಳಲ್ಲಿ ತಿಳಿದುಬಂದ ಸಂಗತಿ. ಗಿಡಕ್ಕೂ ತನ್ನದೇ ಆದ ಕಾವಲು ಇದೆ. ಶತ್ರುವು ತಗಲಿದೊಡನೆ ಕಣಗಳ ಹೊರಗಿರುವ ಕ್ಯಾಲ್ಸಿಯಂ ಎಂಬ ಸುಣ್ಣದ ಧಾತುವು ಒಳಕ್ಕೆ ನುಗ್ಗುವುದು. ಇದೇ ಗಿಡದ ಎಚ್ಚರಿಕೆಯ ಕೂಗು. ಕೂಗು ಕೇಳಿದ ಮೇಲೆ ಗಿಡವು ತನ್ನ ಕಣಗಳ ಗೋಡೆಯನ್ನು ಬಲಪಡಿಸಿಕೊಳ್ಳುವುದು. ಲೋಳೆಯ ಹುಳಿಕುಚ್ಚುಗಳಿಗಾದರೋ ಸುಣ್ಣದ ಧಾತುವನ್ನು ಕಚ್ಚಿ ಹಿಡಿಯುವ ಗುಣವಿದೆ. ಕಳ್ಳನು ಊರು ಹೊಗುವ ಮುಂಚೆ ತಳವಾರನ ತಮಟೆಯನ್ನು ಅಪಹರಿಸಿದಂತೆ, ಲೋಳೆಯು ಈ ಧಾತುವನ್ನು ಹಿಡಿದಿಟ್ಟು ಗಿಡದ ಕೂಗನ್ನು ಅಡಗಿಸುವುದೆಂದು ೨೦೦೮ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಕುಚ್ಚನ್ನು ಪೂರ್ತಿಯಾಗಿ ಹೆಣೆಯಲಾರದಂತೆ ಮಾಡಿದ ರೋಗಾಣುಗಳನ್ನು ಗಿಡಕ್ಕೆ ಸೇರಿಸಿ ನೋಡಿದಾಗ ಅವುಗಳ ರೋಗ ಹುಟ್ಟಿಸುವ ಶಕ್ತಿಯು ಕುಂದಿರುವುದು ಕಂಡುಬಂದಿದೆ.

ಹೊರಗೋಡೆಯ ಸರಪಣಿ

ಲೋಳೆಯ ಕೆಳಗೆ ರೋಗಾಣುವಿನ ಹೊರಗೋಡೆಯಿದೆ. ಅದರ ಮೇಲೂ ಸಕ್ಕರೆಯ ಸರಪಣಿಗಳು ದರ್ಭೆಯ ಪೊದೆಯಂತೆ ಎದ್ದು ನಿಂತಿರುತ್ತವೆ. ಪ್ರತಿಯೊಂದು ಸರಪಣಿಯ ಬುಡವು ಕೊಬ್ಬಿನ ಅಂಶದಿಂದ ಗೋಡೆಗೆ ನಾಟಿಕೊಂಡಿರುವುದು. ನಡುವೆ ಒಂದು ಗಿಡ್ಡ ತುಂಡು. ಮೇಲೆ ಉದ್ದನೆಯ ಸರಪಣಿ. ಕೋಸಿನ ರೋಗಾಣುವಿನಲ್ಲಿ ಈ ಮೇಲಿನ ಸರಪಣಿಯ ಮುಖ್ಯ ಸಕ್ಕರೆ ರಾಮ್ನೋಸ್ ಎಂಬುದು. ಜಾತಿಜಾತಿಗೂ ಈ ಸರಪಣಿಯು ಬೇರೆ. ಯೂರೋಪಿನಲ್ಲಿ ಆಲೂಗೆಡ್ಡೆಯನ್ನು ಕೊಳೆಸುವ ಡಿಕೆಯಾ ಸೋಲಾನಿ ಎಂಬ ಅಣುಜೀವಿಯಲ್ಲಿ ಇದು ೬-ಡಿಆಕ್ಸಿ-ಆಲ್ಟ್ರೋಸ್ ಎಂಬ ಅಪರೂಪದ ಒಂದೇ ಸಕ್ಕರೆಯಿಂದ ಆದುದು. ದನಗಳಿಗೆ ಮುದ್ರೆ ಹಾಕಿದಂತೆ ಈ ಸರಪಣಿಗಳು ಅಣುಜೀವಿಯ ಗುರುತಾಗುತ್ತವೆ. ಆದಕಾರಣ ಪ್ರಯೋಗಶಾಲೆಗಳಲ್ಲಿ ರೋಗಾಣುವಿನ ಜಾತಿಯನ್ನು ಪತ್ತೆಮಾಡಲು ಇವು ಸಹಾಯಕವಾಗಿವೆ.

ಪ್ರಯೋಗಶಾಲೆಯಿಲ್ಲದೆ ಲೋಳೆಯನ್ನು ಕಣ್ಣಾರೆ ನೋಡುವ ಉಪಾಯವೂ ಒಂದಿದೆ. ಟೊಮ್ಯಾಟೋ, ಬದನೆ, ಆಲೂಗೆಡ್ಡೆಗಳ ಗಿಡವು ಹಸುರಾಗಿದ್ದಂತೆಯೇ ಸೊರಗಿ ಬಾಗಿದರೆ ಅದರ ಕಾಂಡವನ್ನು ಚೊಕ್ಕವಾಗಿ ಕುಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ಕುಯ್ದ ತುದಿ ಮುಳುಗುವಂತೆ ಅಲುಗಿಸದೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನ ದಾರದಂತೆ ಬಿಳಿಯ ಎಳೆಗಳು ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಆ ದಾರವು ಬೇರೊಂದು ಜಾತಿಯ ರೋಗಾಣುವೂ ಅದರ ಲೋಳೆಯೂ ಸೇರಿದ ರಾಶಿ.

ನಿವಾರಣೋಪಾಯಗಳು

ಈಗ ಮೊದಲಿನ ಪ್ರಶ್ನೆಗೆ ಉತ್ತರವು ಸುಲಭವಾಯಿತು. ತಾಮ್ರದ ಔಷಧಿಯು ಎಲೆಯ ಮೇಲಿರುವ ರೋಗಾಣುವನ್ನು ಮುಟ್ಟಬಲ್ಲುದು. ನರದೊಳಗೆ ಸೇರಿ ಲೋಳೆಯಲ್ಲಿ ಹುದುಗಿದುದನ್ನು ಮುಟ್ಟಲಾರದು. ಮಚ್ಚೆ ಕಾಣುವ ವೇಳೆಗೆ ಶತ್ರುವು ಕೋಟೆಯೊಳಗಿರುವನು. ಆದುದರಿಂದ ಚಿಕಿತ್ಸೆಗಿಂತ ತಡೆಯೇ ಮೇಲು. ತಡೆಯು ಬೀಜದಿಂದಲೇ ಆರಂಭವಾಗಬೇಕು. ೧೦,೦೦೦ ಬೀಜಗಳಲ್ಲಿ ೩ ಬೀಜಗಳಿಗೆ ರೋಗವಿದ್ದರೂ ಅನುಕೂಲವಾದ ಹವೆಯಲ್ಲಿ ಹೊಲವೆಲ್ಲ ಕೆಡಬಹುದೆಂದು ಪರೀಕ್ಷೆಗಳಿಂದ ತಿಳಿದಿದೆ. ೧೦,೦೦೦ ಬೀಜವೆಂದರೆ ೩೦ರಿಂದ ೪೦ ಗ್ರಾಂ ತೂಕ ಮಾತ್ರ.

೧. ಬೀಜಕ್ಕೆ ಬಿಸಿನೀರಿನ ಸಂಸ್ಕಾರ: ಲೋಳೆಯು ರೋಗಾಣುವನ್ನು ಒಣಗುವಿಕೆಯಿಂದ ಕಾಯಬಲ್ಲುದೇ ಹೊರತು ಬೀಜದೊಳಕ್ಕೆ ಇಳಿಯುವ ಬಿಸಿಯಿಂದ ಕಾಯಲಾರದು. ಬೀಜವನ್ನು ತೆಳುವಾದ ಬಟ್ಟೆಯ ಚೀಲದಲ್ಲಿ ಅರ್ಧದಷ್ಟು ಮಾತ್ರ ತುಂಬಿ ಸಡಿಲವಾಗಿ ಕಟ್ಟಬೇಕು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ೧೦ ನಿಮಿಷ ನೆನೆಸಿ, ಅನಂತರ ಸರಿಯಾಗಿ ೫೦ ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ ಎಲೆಕೋಸಿನ ಬೀಜವನ್ನು ೨೫ ನಿಮಿಷವೂ, ಹೂಕೋಸು ಮತ್ತು ನವಿಲುಕೋಸಿನ ಬೀಜವನ್ನು ೨೦ ನಿಮಿಷವೂ ಮುಳುಗಿಸಿಡಬೇಕು. ನೀರನ್ನು ಕದಡುತ್ತಿರಬೇಕು. ಶಾಖವನ್ನು ಉಷ್ಣಮಾಪಕದಿಂದಲೇ ಅಳೆಯಬೇಕು. ಕೈಯಿಟ್ಟು ಅಂದಾಜು ಮಾಡಲಾಗದು. ಶಾಖವು ಏರಿದರೆ ಮೊಳಕೆಯ ಶಕ್ತಿ ಕುಂದುವುದು. ಇಳಿದರೆ ರೋಗಾಣು ಉಳಿಯುವುದು. ಅನಂತರ ತಣ್ಣೀರಿನಲ್ಲಿ ಅದ್ದಿ ನೆರಳಿನಲ್ಲಿ ತೆಳುವಾಗಿ ಹರಡಿ ಆರಿಸಬೇಕು. ಹಳೆಯ ಬೀಜವು ಈ ಸಂಸ್ಕಾರವನ್ನು ತಾಳಲಾರದು. ಆದುದರಿಂದ ಮೊದಲು ನೂರು ಬೀಜಗಳಿಗೆ ಮಾಡಿ ಮೊಳಕೆಯನ್ನು ಪರೀಕ್ಷಿಸಿಕೊಳ್ಳುವುದು ಕ್ಷೇಮ. ಬಣ್ಣದ ಔಷಧಿ ಲೇಪಿಸಿದ ಬೀಜಕ್ಕೆ ಇದನ್ನು ಮಾಡಕೂಡದು.

೨. ಸಸಿಮಡಿ: ಕಳೆದ ಎರಡು ವರ್ಷಗಳಲ್ಲಿ ಕೋಸು, ಮೂಲಂಗಿ, ಸಾಸಿವೆಗಳನ್ನು ಬೆಳೆಯದ ಸ್ಥಳದಲ್ಲಿ ಮಡಿ ಮಾಡಬೇಕು. ಸಸಿಗಳನ್ನು ಒತ್ತಾಗಿ ಬೆಳೆಸಬಾರದು. ನೀರನ್ನು ಮೇಲಿನಿಂದ ಎರಚಿದರೆ ಒಂದು ಸಸಿಯ ರೋಗವು ಹತ್ತಕ್ಕೆ ಹಾರುವುದು. ಮಚ್ಚೆ ಕಂಡ ಸಸಿಯನ್ನೂ ಅದರ ನೆರೆಯ ಸಸಿಗಳನ್ನೂ ಕಿತ್ತು ಸುಡಬೇಕು. ನಾಟಿಗೆ ಮುಂಚೆ ಸಸಿಗಳ ತುದಿಯನ್ನು ಕತ್ತರಿಸುವುದಾಗಲಿ ಒಂದೇ ಪಾತ್ರೆಯ ನೀರಿನಲ್ಲಿ ಎಲ್ಲವನ್ನೂ ಅದ್ದುವುದಾಗಲಿ ಕೂಡದು.

೩. ಹೊಲದಲ್ಲಿ: ಮುಂಜಾನೆಯ ಹನಿ ಆರುವ ಮುಂಚೆ ಕೋಸಿನ ಸಾಲುಗಳಲ್ಲಿ ಆಳುಗಳನ್ನು ಇಳಿಸಬಾರದು. ಒದ್ದೆಯಾದ ಕೈ, ಕಾಲು, ಸೀರೆಯ ಸೆರಗು ಇವುಗಳೇ ರೋಗದ ವಾಹನಗಳು. ಕಳೆಯಾಗಿ ಬೆಳೆದ ಸಾಸಿವೆ ಜಾತಿಯ ಗಿಡಗಳನ್ನು ಕಿತ್ತುಹಾಕಬೇಕು. ತಾಮ್ರದ ಔಷಧಿಯನ್ನು ಬಳಸುವುದಾದರೆ ಮಚ್ಚೆ ಹರಡಿದ ಮೇಲೆ ಬಳಸಿ ಪ್ರಯೋಜನವಿಲ್ಲ. ಮೊದಲೇ ಸಿಂಪಡಿಸಿದರೆ ಎಲೆಯ ಮೇಲಿನ ರೋಗಾಣುಗಳು ಕಡಮೆಯಾಗಬಹುದು.

೪. ಕಟಾವಿನ ತರುವಾಯ: ಉಳಿದ ದಂಟು ಎಲೆಗಳನ್ನು ಹೊಲದಲ್ಲಿ ಬಿಡದೆ ಆಳವಾಗಿ ಉತ್ತು ಮಣ್ಣಿನಲ್ಲಿ ಮುಚ್ಚಬೇಕು. ಗಿಡದ ಚೂರು ಪೂರ್ತಿಯಾಗಿ ಕೊಳೆತು ಮಣ್ಣಾದರೆ ಅದರೊಳಗಿನ ರೋಗಾಣುವು ಆಸರೆಯಿಲ್ಲದೆ ಹೆಚ್ಚು ಕಾಲ ಬದುಕಲಾರದು. ಅದೇ ನೆಲದಲ್ಲಿ ಎರಡು ವರ್ಷ ರಾಗಿ, ಜೋಳ, ಹುರುಳಿ ಮುಂತಾದ ಬೇರೆ ಬೆಳೆಗಳನ್ನಿಡುವುದು ಉತ್ತಮ.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಮೇಲ್ಕಂಡ ಉಪಾಯಗಳಲ್ಲಿ ಹೆಚ್ಚು ಖರ್ಚಿನವು ಯಾವುವೂ ಇಲ್ಲ. ಆದರೆ ಒಬ್ಬನು ಮಾಡಿ ನೆರೆಯವನು ಬಿಟ್ಟರೆ ಪೂರ್ಣ ಫಲ ದೊರೆಯದು. ಮಳೆಯ ಹನಿಯೂ ಕಾಲುವೆಯ ನೀರೂ ಬದುವನ್ನು ಗಣಿಸುವುದಿಲ್ಲ. ಆದಕಾರಣ ಊರಿಗೊಂದು ಉಷ್ಣಮಾಪಕವನ್ನು ತರಿಸಿ, ಬಿತ್ತನೆಯ ಕಾಲದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಒಂದೇ ಹಂಡೆಯ ಬಿಸಿನೀರಿನ ಬಳಿ ಎಲ್ಲರ ಬೀಜಕ್ಕೂ ಸಂಸ್ಕಾರ ನಡೆಯುವಂತೆ ಮುಖಂಡರು ಏರ್ಪಡಿಸಬೇಕು. ಒಂದೆರಡು ಗುಂಟೆ ಬೆಳೆಯುವ ಬಡರೈತನ ಬೀಜದ ಗಂಟೂ ಅದೇ ಹಂಡೆಗೆ ಬೀಳಲಿ. ಅವನ ಹೊಲವು ಶುದ್ಧವಾಗಿದ್ದರೆ ತಮ್ಮ ಹೊಲವೂ ಶುದ್ಧವಾಗಿರುವುದೆಂದು ದೊಡ್ಡ ಹಿಡುವಳಿದಾರರು ಅರಿಯಬೇಕು.

ನಾಲ್ಕಾವೃತ್ತಿ ಔಷಧಿ ಹೊಡೆದು ನಷ್ಟಪಟ್ಟ ಆ ಹಿಡುವಳಿದಾರರ ಪ್ರಶ್ನೆಗೆ ಅಂದು ಈ ಲೇಖಕನು ತಕ್ಕ ಉತ್ತರವನ್ನು ಕೊಡಲಾರದೆ ಹೋದನು. ಅದೇ ಪ್ರಶ್ನೆಯನ್ನು ಮತ್ತೊಬ್ಬ ರೈತನು ಒಣಗಿದ ಹೊಲದ ಬದುವಿನ ಮೇಲೆ ನಿಂತು ಕೇಳುವಂತಾಗದಿರಲಿ. ಬೀಜವನ್ನು ಕೊಳ್ಳುವ ದಿನವೇ ಕೇಳಲಿ ಎಂಬ ಆಶಯದಿಂದ ಇದನ್ನು ಬರೆಯಲಾಗಿದೆ.